ತಲೆನೋವಿನ ಬೇರು

ಫೆಬ್ರವರಿ ೧೮, ಮಂಗಳವಾರ, ಬೆಳಿಗ್ಗೆ

ಕೆಟ್ಟ ಕನಸು. ಕಡಲು ಇಳಿದ ಹೊತ್ತು. ಲುಪೆ ಹವಳದ ದಿಬ್ಬದ ಮೇಲೆ ನನಗೆ ಬೆನ್ನು ಹಾಕಿ ಕೂತಿದ್ದಾಳೆ, ಚಿಪ್ಪು ಆರಿಸುತ್ತಾ. ಕರೆದೆ. ತಿರುಗಿದಳು. ಮುಖದಲ್ಲಿ ಕಣ್ಣಿಲ್ಲ, ಮೂಗಿಲ್ಲ. ಸಿಪ್ಪೆ ತೆಗೆದ ದೀವಿಹಲಸಿನ ಹಾಗೆ ದುಂಡಗೆ, ನುಣ್ಣಗೆ. ಅದರೊಳಗಿಂದಲೇ ಅಮ್ಮಾ ಅಂದಳು. ಎದ್ದು ಕೂತೆ.

ಸೆಮಿಸಿಯನ್ನು ಅಲುಗಾಡಿಸಿ ಹೇಳಿದೆ. ನನ್ನ ಗಂಡನಿಗೆ ನನ್ನ ಕನಸು ಹೊಸದಲ್ಲ. "ರಾತ್ರಿ ಡಬ್ಬಿ ಮಾಂಸ ಬಳಿದು ಬಳಿದು ತಿಂದ್ಯಲ್ಲ, ಅದು" ಅಂದು ಮಗ್ಗುಲು ಬದಲಿಸಿದ.

ಹೋದ ವರ್ಷ ದೋಣಿ ಮುಳುಗುತ್ತದೆ ಅಂದಿದ್ದೆ. ಮುಳುಗಲಿಲ್ಲ. ಹಂದಿಗೆ ರೋಗ ಅಂದಿದ್ದೆ. ಅದು ಗುಡಿಸಲು ತುಂಬ ಮರಿ ಹಾಕಿತು. ಪಾದ್ರಿಯ ಹೆಂಡತಿ ಹೇಳಿದ್ದು — ಚಿಂತೆ ಬಂದರೆ ಮಲಗಿದವರನ್ನು ಎಬ್ಬಿಸಬೇಡ, ಬರಿ. ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಪ್ಪಿದ್ದರೆ ಇರಲಿ. ಯಾರು ನೋಡಬೇಕು.

ಅದೇ ದಿನ, ಸಂಜೆ

ಚಾಪೆ ಹೆಣೆಯುವ ಮನೆಗೆ ಲುಪೆಯೂ ಬಂದಿದ್ದಳು. ಒಬ್ಬಳೇ ಮಗಳು. ಚೊಚ್ಚಲು ಬಸುರಿ. ಈಗ ಏಳು ತಿಂಗಳು ತುಂಬಿದೆ. ಹೆಂಗಸರೆಲ್ಲ ಸುತ್ತ ಕೂತು ಅವಳನ್ನೇ ಹೊಗಳಿದ್ದು. "ಈಗ ಮೈ ತುಂಬ್ಕೊಂಡಿದೀಯ ಕಣೆ. ಮದ್ವೇಲಿ ಒಣಮೀನಿಗೆ ಚಾಪೆ ಸುತ್ತಿದ ಹಾಗಿದ್ದೆ."

ಗಂಡನ ಅಕ್ಕ ವಾಸಿತಿ ಹೆಮ್ಮೆಯಿಂದ ನೋಡುತ್ತಿದ್ದಳು. "ನಮ್ಮ ಕಡೆ ಮೈಕಟ್ಟು. ಪಿಸಿಲಾ ಕಡೆಗೆ ಹೋಗಿದ್ರೆ ಬೆಂಕಿಕಡ್ಡಿ ಆಗಿರ್ತಿದ್ಲು." ಎಲ್ಲರೂ ನನ್ನ ತೋಳು ನೋಡಿ ನಕ್ಕರು. ನಾನೂ ನಕ್ಕೆ.

ಲುಪೆಯ ಉಂಗುರ ಬೆರಳಲ್ಲಿ ಕಚ್ಚಿಕೊಂಡಿದೆ. ಎಣ್ಣೆ ಹಚ್ಚಿದೆ, ಸೋಪು ಹಚ್ಚಿದೆ, ಬರುತ್ತಿಲ್ಲ. ಅಳಿಯ ಇನೋಕೆ ಆಕ್ಲೆಂಡಿನ ಫ್ಯಾಕ್ಟರಿಯಿಂದ ಕಳಿಸಿದ್ದು. ಹೋದ ತಿಂಗಳು ಸಡಿಲವಾಗಿ ದಾರ ಸುತ್ತಿಕೊಂಡಿದ್ದಳು.

"ಇರ್ಲಿ ಬಿಡು. ಉಂಗುರ ಜಾರದಿದ್ರೆ ಗಂಡನೂ ಜಾರಲ್ಲ" ಅಂದಳು ವಾಸಿತಿ. ಮತ್ತೆ ನಗು.

ದಾರದ ವಿಷಯ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ತಮ್ಮನ ಮಕ್ಕಳ ಮೇಲೆ ಅಕ್ಕನ ಮಾತು ನಡೆಯಬೇಕು, ಹೆತ್ತವಳದ್ದು ಆಮೇಲೆ. ನನ್ನಮ್ಮನಿಗೂ ಹಾಗೇ ಇತ್ತು. ದೂರುತ್ತಿಲ್ಲ. ಬರೆದೆ ಅಷ್ಟೆ.

ಫೆಬ್ರವರಿ ೨೧, ಶುಕ್ರವಾರ

ಲುಪೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಮೊಣಕಾಲ ಕೆಳಗೆ, ಮೂಳೆಯ ಮೇಲೆ, ಹೆಬ್ಬೆರಳು ಒತ್ತಿದೆ. ತೆಗೆದೆ. ಗುಂಡಿ ಹಾಗೇ ಉಳಿಯಿತು. ಕಲಸಿದ ಹಿಟ್ಟಿನಲ್ಲಿ ಒತ್ತಿದ ಹಾಗೆ. ಪಕ್ಕದಲ್ಲಿ ಇನ್ನೊಂದು ಒತ್ತಿದೆ. ಅದೂ ಉಳಿಯಿತು.

"ಏನಮ್ಮಾ, ಗೆಣಸು ನೆಡ್ತೀಯಾ?"

ನಗುತ್ತಿದ್ದಳು. ಕಣ್ಣಿನ ಕೆಳಗೂ ದಪ್ಪಗಿದೆ. ನಗುವಾಗ ಕಣ್ಣು ಮುಚ್ಚಿಯೇ ಹೋಗುತ್ತದೆ.

ನರ್ಸ್ ಹತ್ತಿರ ಕರೆದುಕೊಂಡು ಹೋದೆ. ಲೆಸಿಯೇಲಿ ನಮ್ಮ ಊರಿನ ಹುಡುಗಿಯೇ, ನಗರದಲ್ಲಿ ಓದಿ ಬಂದವಳು. ವಾಸಿತಿಯೂ ಬಂದಳು, ಬಿಡುತ್ತಾಳೆಯೇ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ಒತ್ತಿದರೆ ಪಟ್ಟಿ ಚರ್ರನೆ ಬಿಚ್ಚಿಕೊಳ್ಳುತ್ತದೆ. ಮತ್ತೆ ಕಟ್ಟಿದಳು. ಮತ್ತೆ ಚರ್. ಕೊನೆಗೆ ಕೈಯಲ್ಲಿ ಅದುಮಿ ಹಿಡಿದು ನೋಡಿದಳು.

"ಬಿಪಿ ಜಾಸ್ತಿ ತೋರಿಸ್ತಿದೆ" ಅಂದಳು. ನಾನು ಬೆಂಚು ಹಿಡಿದುಕೊಂಡೆ. "ಗಾಬರಿ ಬೇಡ ಅಕ್ಕಾ. ಪಟ್ಟಿ ಚಿಕ್ಕದು. ದಪ್ಪ ತೋಳಿಗೆ ಕಟ್ಟಿದ್ರೆ ಇದು ಸುಳ್ಳು ಹೇಳತ್ತೆ. ಟ್ರೈನಿಂಗಲ್ಲೇ ಹೇಳಿದಾರೆ. ದೊಡ್ಡ ಪಟ್ಟಿ ಬೇಕು ಅಂತ ಬರೆದು ಎಷ್ಟು ದಿನ ಆಯ್ತು, ಬಂದಿಲ್ಲ."

"ಕಾಲು?"

"ಈ ಸೆಖೇಲಿ ಯಾರ ಕಾಲು ಊದಲ್ಲ?"

ಮೂತ್ರ ನೋಡುವ ಕಾಗದದ ಕಡ್ಡಿ ಮುಗಿದಿದೆಯಂತೆ. ಹಡಗು ಬರಬೇಕು.

ದಾರಿಯಲ್ಲಿ ವಾಸಿತಿ, "ಬಿಳಿಯರ ಹೆಂಗಸರಿಗೆ ಅಳತೆ ಮಾಡಿ ಹೊಲಿದ ಪಟ್ಟಿ. ಅದಕ್ಕೆ ನಮ್ಮ ತೋಳು ಕಂಡ್ರೆ ಹೊಟ್ಟೆಕಿಚ್ಚು" ಅಂದಳು. ಲುಪೆ ನಗುತ್ತಾ ನಗುತ್ತಾ ನಿಂತುಬಿಟ್ಟಳು. ಹಣೆ ಹಿಡಿದುಕೊಂಡಳು. ಬಿಸಿಲು ಅಂದಳು.

ಫೆಬ್ರವರಿ ೨೨

ಲುಪೆಗೆ ತಲೆನೋವು. ಎಲೆ ಅರೆದು ಪಟ್ಟು ಹಾಕಿದ್ದೇವೆ.

ಫೆಬ್ರವರಿ ೨೭, ಗುರುವಾರ

ಬರೆಯಲು ಕೈ ಬರಲಿಲ್ಲ. ನೋವು ಹೋಗಿಲ್ಲ. ಎಲೆ ಆಯಿತು, ಎಣ್ಣೆ ಆಯಿತು, ನರ್ಸ್ ಕೊಟ್ಟ ಮಾತ್ರೆ ಆಯಿತು. ಎಡಗಣ್ಣಿನ ಹಿಂದೆ ಯಾರೋ ಕೂತು ಗುದ್ದುತ್ತಾರೆ ಅನ್ನುತ್ತಾಳೆ. ಬೆಳಕು ಬೇಡ, ಬಾಗಿಲು ಹಾಕು ಅನ್ನುತ್ತಾಳೆ.

ವಾಸಿತಿ ಇವತ್ತು ಬಂದು ಗಂಭೀರವಾಗಿ ಕೂತಳು. ಸೆಮಿಸಿಯನ್ನು ಕರೆಸಿದಳು. ಅಕ್ಕನ ಎದುರು ಇವನು ತಲೆ ಎತ್ತುವುದಿಲ್ಲ. ನಾನು ಕೆಳಗೆ, ಬಾಗಿಲ ಹತ್ತಿರ.

"ಔಷಧಿಗೆ ಬಗ್ಗದ ನೋವು ಅಂದ್ರೆ ಅದು ಇವಳ ನೋವಲ್ಲ" ಅಂದಳು. "ಇವಳಿಗೆ ಯಾರ ಹೆಸರಿಟ್ಟಿದೀವಿ?"

"ಅಮ್ಮಂದು" ಅಂದ ಸೆಮಿಸಿ.

"ಅಮ್ಮನ ಗೋರಿ ಪಕ್ಕದ ಗಾಳಿಮರ ಎಷ್ಟು ಬೆಳೆದಿದೆ ನೋಡಿದೀಯಾ? ಅಮ್ಮನ ತಲೇಲಿ ಬೇರು ಹೊಕ್ಕಿರತ್ತೆ. ಅವಳಿಗೆ ಹೇಳೋಕೆ ಬಾಯಿಲ್ಲ. ಮೊಮ್ಮಗಳ ತಲೇಲಿ ಹೇಳ್ತಿದಾಳೆ."

ನಮ್ಮಲ್ಲಿ ಇದು ಇಲ್ಲದ್ದೇನಲ್ಲ. ನನ್ನ ಚಿಕ್ಕಪ್ಪನ ಸೊಂಟನೋವು ಹಾಗೆ ಗೋರಿ ತೆಗೆದ ಮೇಲೇ ಹೋಗಿದ್ದು.

ಆದರೂ ಬಾಯಿ ತಡೆಯಲಿಲ್ಲ. "ಅತ್ತಿಗೆ, ಕಾಲು ಯಾಕೆ ಊದಿದೆ? ಕಾಲಲ್ಲೂ ಬೇರಾ?"

ವಾಸಿತಿ ನನ್ನನ್ನು ಸಿಟ್ಟಿನಿಂದ ನೋಡಲಿಲ್ಲ. ಅದೇ ಕಷ್ಟ. ಕನಿಕರದಿಂದ ನೋಡಿದಳು. "ಪಿಸಿಲಾ, ನಿಂಗೆ ಹಂದಿ ಸೀನಿದ್ರೂ ಸಾವು ಕಾಣತ್ತೆ."

ಶನಿವಾರ ಗೋರಿ ಅಗೆದು ಬೇರು ತೆಗೆಯುವುದು ಅಂತಾಯಿತು.

ಮಾರ್ಚ್ ೧, ಶನಿವಾರ, ಸಂಜೆ

ಆತುರಕ್ಕೆ ಬರೆಯುತ್ತಿದ್ದೇನೆ. ಅಕ್ಷರ ಓಡುತ್ತಿದೆ.

ಪ್ರಾರ್ಥನೆ ಆಯಿತು. ಸೆಮಿಸಿ, ಅವನ ದಾಯಾದಿಗಳು ಮರಳು ಅಗೆದರು. ನಾವು ಹೆಂಗಸರು ದೂರದಲ್ಲಿ ಚಾಪೆ ಮೇಲೆ. ಲುಪೆ ನನ್ನ ಭುಜಕ್ಕೆ ತಲೆಯಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. ಗುಂಡಿಯ ಬಾಯಲ್ಲಿ ವಾಸಿತಿ ಮಾತ್ರ.

ಏನೂ ಸಿಗಬಾರದು ಅಂದುಕೊಂಡೆ. ಸಿಗಲಿ ಅಂತಲೂ ಅಂದುಕೊಂಡೆ. ಯಾವುದು ಮೊದಲು ಗೊತ್ತಿಲ್ಲ.

ಆಮೇಲೆ ಗಂಡಸರ ಸದ್ದು ನಿಂತಿತು. ಗುದ್ದಲಿ ನಿಂತಿತು. ವಾಸಿತಿ ಬಗ್ಗಿದಳು. ಎದ್ದು ನಿಂತಾಗ ಕೈಯಲ್ಲಿ ಅತ್ತೆಯ ತಲೆಬುರುಡೆ. ಎಡಗಣ್ಣಿನ ಗೂಡಿನಿಂದ ಒಂದು ಬೇರು. ಕಿರುಬೆರಳು ಗಾತ್ರ. ಕಣ್ಣಲ್ಲಿ ಹೊಕ್ಕು ಕಪಾಳದ ಹತ್ತಿರ ಹೊರಬಂದಿದೆ.

ಎಡಗಣ್ಣು.

ಸೆಮಿಸಿ ಮೊಣಕಾಲೂರಿ ಕೂತುಬಿಟ್ಟ. ವಾಸಿತಿ ಮೆತ್ತಗೆ, ಮಗುವಿನ ಕೂದಲಿಂದ ಸಿಕ್ಕು ಬಿಡಿಸುವ ಹಾಗೆ, ಬೇರು ಎಳೆದು ತೆಗೆದಳು. "ಎಷ್ಟು ನೋವಾಯ್ತೋ ಅಮ್ಮಾ ನಿಂಗೆ" ಅಂದಳು. ಎಣ್ಣೆ ಹಚ್ಚಿದಳು. ಮರದ ತೊಗಟೆ ಬಡಿದು ಮಾಡಿದ ಹೊಸ ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳು.

ಲುಪೆ ಬಟ್ಟೆ ಬಿಚ್ಚಿದಳು. "ಹಗುರ ಆಯ್ತಮ್ಮ" ಅಂದಳು. ಎಲ್ಲರೂ ಕೇಳಿಸಿಕೊಂಡರು.

ಗೋರಿ ಮುಟ್ಟಿದ ಕೈಯಲ್ಲಿ ಉಣ್ಣಬಾರದು ಅಂತ ಸೆಮಿಸಿಗೆ ನಾನೇ ತುತ್ತು ತಿನ್ನಿಸಿದೆ. ವಾಸಿತಿ ಕಾಲಿಗೆ ಬಿದ್ದೆ. ನಾನು ಸಣ್ಣವಳು, ತಿಳಿಯದವಳು. ಇವತ್ತು ನಿದ್ದೆ ಬರುತ್ತದೆ.

ಮಾರ್ಚ್ ೨, ಭಾನುವಾರ. ಎಷ್ಟು ಹೊತ್ತೋ

ಆದ ಹಾಗೆ ಬರೆಯುತ್ತೇನೆ. ಇಲ್ಲದಿದ್ದರೆ ತಲೆ ಕೆಡುತ್ತದೆ.

ಬೆಳಿಗ್ಗೆ ಚರ್ಚಿಗೆ ಲುಪೆಯೂ ಬಂದಳು. ಹಾಡಿನ ಸಾಲಲ್ಲಿ ನಿಂತಳು. ಎರಡನೇ ಹಾಡಿಗೆ ಪುಸ್ತಕ ಮುಖದ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ. ಕೈಯಿಂದ ಏನೋ ಓಡಿಸಿದಳು.

"ಏನೇ?"

"ಹಾಳೆ ಮೇಲೆ ಬಿಳಿ ಹುಳ ಹಾರ್ತಿವೆ. ಒಂದೊಂದು ಹುಳ ಹೊಳೀತಿದೆ. ನಿಂಗೆ ಕಾಣಲ್ವಾ?"

ಹುಳ ಇರಲಿಲ್ಲ.

ಮನೆಗೆ ಬಂದವಳೇ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಳು. ನೋವು. ವಾಂತಿ. ಮಗುವಿನ ಕಾಲು ತಗಲಿದೆ ಅಂದಳು ವಾಸಿತಿ. ಚರ್ಚಿನ ಬಟ್ಟೆಯಲ್ಲೇ, ಅದರ ಮೇಲೆ ಮರ್ಯಾದೆಗೆ ಸೊಂಟಕ್ಕೆ ಸುತ್ತುವ ಚಾಪೆಯಲ್ಲೇ ಓಡಿದೆ. ನರ್ಸ್ ಒಲೆಗುಂಡಿಯಿಂದ ಊಟ ತೆಗೆಯುತ್ತಿದ್ದಳು. ಕೈಹಿಡಿದು ಎಳೆದೆ. "ಬಿಳಿ ಹುಳ ಕಾಣ್ತಿದೆಯಂತೆ" ಅಂದೆ. ಅದೊಂದೇ ಮಾತಿಗೆ ಅವಳ ಮುಖ ಬದಲಾಯಿತು.

ಮತ್ತೆ ಪಟ್ಟಿ. ಚರ್. ಅದುಮಿ ಹಿಡಿದು ನೋಡಿದಳು. ನೂರ ಎಪ್ಪತ್ತು. ಕೆಳಗಿನದು ನೂರ ಹದಿನೈದು. "ಪಟ್ಟಿ ಚಿಕ್ಕದು" ಅಂದಳು, ತನಗೆ ತಾನೇ. "ಸುಳ್ಳೂ ಇರಬಹುದು. ನಿಜವೂ ಇರಬಹುದು."

ವಾಸಿತಿಗೆ ರೇಗಿತು. "ನಿನ್ನೆ ಬೇರು ತೆಗ್ದಿದೀವಿ, ಕಣ್ಣಾರೆ ನೋಡಿದೀವಿ, ಈ ರಬ್ಬರ್ ತುಂಡಿನ ಮಾತು ಕೇಳಿ ಹುಡುಗೀನ ಹೆದರಿಸ್ತೀಯಾ? ನಂಗೆ ಕಟ್ಟು. ನನ್ನ ತೋಳು ಅವಳಿಗಿಂತ ದಪ್ಪ. ನಂಗೆ ಇನ್ನೂ ದೊಡ್ಡ ಸುಳ್ಳು ಹೇಳತ್ತೆ. ನೋಡೇಬಿಡೋಣ."

ತೋಳು ಚಾಚಿದಳು. ಲುಪೆಯ ತೊಡೆಯಷ್ಟು ತೋಳು. ಪಟ್ಟಿ ಮುಕ್ಕಾಲು ಸುತ್ತೂ ಬರಲಿಲ್ಲ. ನಾನು ಒಂದು ಕಡೆ, ನರ್ಸ್ ಒಂದು ಕಡೆ ಅದುಮಿ ಹಿಡಿದೆವು.

ನೂರ ಮೂವತ್ತು. ಕೆಳಗೆ ಎಂಬತ್ತು.

ನರ್ಸ್ ಕಿವಿಯಿಂದ ನಳಿಗೆ ತೆಗೆಯಲಿಲ್ಲ. ಮತ್ತೊಮ್ಮೆ ಒತ್ತಿದಳು. ಅಷ್ಟೇ.

"ನಿಮಗೆ ಏನೂ ಇಲ್ಲ ಅತ್ತೆ" ಅಂದಳು ಮೆಲ್ಲಗೆ. "ನಿಮ್ಮ ತೋಳಿಗೇ ಸುಳ್ಳು ಹೇಳ್ಲಿಲ್ಲ ಅಂದ್ರೆ..."

ವಾಸಿತಿಯ ತೋಳು ಹಾಗೇ ಚಾಚಿಕೊಂಡೇ ಇತ್ತು. ಪಟ್ಟಿ ತಾನಾಗಿ ಬಿಚ್ಚಿ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ.

ಆಮೇಲೆ ಮೂತ್ರ. ಕಡ್ಡಿ ಇಲ್ಲ. ನರ್ಸ್ ಗಾಜಿನ ಕೊಳವೆಯಲ್ಲಿ ಹಾಕಿ ದೀಪದ ಮೇಲೆ ಹಿಡಿದಳು. ಕುದಿಯುವುದಕ್ಕೆ ಮೊದಲೇ ಮೇಲ್ಗಡೆ ಮಬ್ಬಾಯಿತು. ವಿನಿಗರ್ ನಾಲ್ಕು ಹನಿ ಬಿಟ್ಟಳು. ತಿಳಿಯಾದರೆ ಭಯವಿಲ್ಲ ಅಂದಳು. ತಿಳಿಯಾಗಲಿಲ್ಲ. ಬಿಳಿ ಆಯಿತು. ಮೊಟ್ಟೆಯ ಬಿಳಿ ಬೆಂದ ಹಾಗೆ ತುಣುಕು ತುಣುಕು. ನನ್ನ ಮಗಳ ಮೈಯಿಂದ ಬಂದದ್ದು.

"ಬಸುರಿನ ನಂಜು" ಅಂದಳು ನರ್ಸ್. "ಮೊದಲು ಬಂದ ಆ ಶುಕ್ರವಾರವೇ ಕುದಿಸಿ ನೋಡ್ಬೇಕಿತ್ತು. ಕಡ್ಡಿ ಬರ್ಲಿ ಅಂದ್ಕೊಂಡೆ."

ಮೈ ತುಂಬಿದೆ ಅಂದೆವು. ನಂಜು ತುಂಬಿತ್ತು.

ಅದೇ ದಿನ, ಆಮೇಲೆ

ಸಹಕಾರಿ ಅಂಗಡಿಯ ಹಿಂದಿನ ರೇಡಿಯೋ ಪೌಲಿಯಾಸಿಯ ಕೈಯಲ್ಲಿ. ಭಾನುವಾರ ಮುಟ್ಟುವುದಿಲ್ಲ. ಇವತ್ತು ಮುಟ್ಟಿದ. ದೊಡ್ಡ ದ್ವೀಪದ ಡಾಕ್ಟರು ಸಿಕ್ಕರು. ಕರ್ಟನ್ ಹಾಕಿ, ಸದ್ದು ಮಾಡಬೇಡಿ, ಸೂಜಿ ಕೊಡಿ, ಈಗಲೇ ಕರೆತನ್ನಿ. ಮಗು ಹೊರಗೆ ಬಂದರೆ ಮಾತ್ರ ನಂಜು ಇಳಿಯುವುದು, ಕಾಯುವ ಹಾಗಿಲ್ಲ ಅಂದರು. ಇನ್ನೂ ತಿಂಗಳು ತುಂಬಿಲ್ಲ ಅಂದೆ. ಪೌಲಿಯಾಸಿ ಅದನ್ನು ಹೇಳಿದ. ಡಾಕ್ಟರು ಮತ್ತೆ, ಈಗಲೇ ಅಂದರು.

ನಮ್ಮಲ್ಲಿ ಭಾನುವಾರ ದೋಣಿ ಇಳಿಯುವುದಿಲ್ಲ. ಸೆಮಿಸಿ ಪಾದ್ರಿಯ ಮನೆ ಬಾಗಿಲಲ್ಲಿ ನಿಂತ. ಪಾದ್ರಿ ಉಣ್ಣುತ್ತಿದ್ದವರು ಎದ್ದು ಬಂದು, ಕೇಳುವ ಮೊದಲೇ, "ಎಂಜಿನ್‌ಗೆ ಎಣ್ಣೆ ಇದೆಯಾ?" ಅಂದರಂತೆ.

ಚಾಪೆಯಲ್ಲಿ ಮಲಗಿಸಿ ದಡಕ್ಕೆ ಹೊತ್ತರು. ನಾನು ಪಕ್ಕದಲ್ಲಿ, ಕಣ್ಣಿಗೆ ನೆರಳು ಮಾಡುತ್ತಾ. ಲುಪೆ "ಅಮ್ಮಾ, ಯಾರೋ ದೀಪ—" ಅಂದಳು. ಅಷ್ಟೇ. ಕಣ್ಣು ಮೇಲೆ ಹೋಯಿತು. ದವಡೆ ಕಚ್ಚಿತು. ಮೈಯೆಲ್ಲ ಬಿಗಿದು ಹಲಗೆಯಾಯಿತು. ಆಮೇಲೆ ಬಡಿದುಕೊಂಡಳು. ಹಿಡಿದ ಮೀನು ದೋಣಿಯ ತಳದಲ್ಲಿ ಬಡಿದುಕೊಳ್ಳುವ ಹಾಗೆ. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ. ಹೊತ್ತವರು ಹೆದರಿ ಕೈಬಿಟ್ಟರು. ನನ್ನದೇ ಮಗಳು, ಮುಟ್ಟಲಾರದೆ ನಿಂತೆ.

ವಾಸಿತಿ ಓಡಿದಳು. ತನ್ನ ಆ ದಪ್ಪ ಮೈ ಹೊತ್ತುಕೊಂಡು ಅವಳು ಓಡಿದ್ದು ನಾನು ಎಂದೂ ನೋಡಿಲ್ಲ. ಮರಳಿನಲ್ಲಿ ಕೂತು ಲುಪೆಯನ್ನು ಪಕ್ಕಕ್ಕೆ ಮಗುಚಿ, ತಲೆ ತೊಡೆ ಮೇಲಿಟ್ಟುಕೊಂಡಳು. ನರ್ಸ್ ಸೂಜಿ ಚುಚ್ಚಿದಳು. ಸೆಳೆತ ನಿಂತಿತು. ಗೊರಕೆ. ಕರೆದರೆ ಎಚ್ಚರ ಇಲ್ಲ.

ದೋಣಿ ಚಿಕ್ಕದು. ಸೆಮಿಸಿ ಎಂಜಿನ್‌ಗೆ. ನರ್ಸ್ ಬೇಕೇ ಬೇಕು. ಇನ್ನೊಬ್ಬರಿಗೆ ಜಾಗ.

ವಾಸಿತಿ ತಲೆಯೆತ್ತಿ ನನ್ನನ್ನು ನೋಡಿದಳು. "ನೀನು ಹೋಗು ಪಿಸಿಲಾ. ನೀನು ಹೆತ್ತವಳು." ಇಷ್ಟು ವರ್ಷದಲ್ಲಿ ಅವಳು ಆ ಮಾತು ಆಡಿದ್ದು ಇದೇ ಮೊದಲು.

ನರ್ಸ್ ಬೇಡ ಅಂದಳು. ತಲೆ ಅಲುಗಿಸಬೇಡಿ, ಮತ್ತೆ ಬರುತ್ತದೆ. ಲುಪೆಯ ತಲೆ ವಾಸಿತಿಯ ತೊಡೆಯಲ್ಲಿತ್ತು. ಹಾಗೇ, ಆ ತೊಡೆಯ ಸಮೇತ, ಗಂಡಸರು ಎತ್ತಿ ದೋಣಿಗೆ ಇಟ್ಟರು.

ನೀರಿಗೆ ಇಳಿದು ದೋಣಿಯ ಅಂಚು ಹಿಡಿದೆ. ವಾಸಿತಿ ಹೇಳಿದ್ದು, "ಬೇರು ಇತ್ತಲ್ವೇನೆ? ನೀನೂ ನೋಡಿದೆ ತಾನೆ?"

"ಇತ್ತು ಅತ್ತಿಗೆ" ಅಂದೆ. "ನೋಡಿದೆ."

ಇತ್ತು. ಬೇರು ಸುಳ್ಳಲ್ಲ. ಬಿಳಿ ತುಣುಕೂ ಸುಳ್ಳಲ್ಲ. ಎರಡನ್ನೂ ನೋಡಿದ ಕಣ್ಣು ಇದೇ. ಏನು ಮಾಡಲಿ ಇದನ್ನು.

ಮಾರ್ಚ್ ೩

ಸುದ್ದಿ ಇಲ್ಲ. ಗಾಳಿ ಎದ್ದಿದೆ. ರೇಡಿಯೋದಲ್ಲಿ ಗರಗರ.

ಮಾರ್ಚ್ ೫, ಬುಧವಾರ

ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೇನೆ. ನಿನ್ನೆಯಿಂದ ಇಲ್ಲೇ. ಚಾಪೆ ಹೆಣೆಯುವ ಹೆಂಗಸರು ಊಟ ತಂದಿಟ್ಟು ಹೋದರು. ಯಾರೂ ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಆಸ್ಪತ್ರೆಯಿಂದ ಮಾತು ಬಂತು. ಚೂರು ಚೂರು. ಪೌಲಿಯಾಸಿ ಕೇಳಿಸಿಕೊಂಡಿದ್ದು — ದೋಣಿ ಮುಟ್ಟಿತು. ದಾರಿಯಲ್ಲಿ ಇನ್ನೊಮ್ಮೆ ಸೆಳೆತ ಬಂತು. ಆಪರೇಷನ್ ಆಯಿತು. ಆಮೇಲೆ ಗರಗರ. ಕೊನೆಗೆ, "ನ ಚೆನ್ನಾಗಿ". ಮತ್ತೆ ಗರಗರ. ಕಟ್.

"ನ ಅಂದ್ರಾ?"

"ನ ಅಂತಾನೇ ಅಕ್ಕಾ. ಅಂದ್ಕೋತೀನಿ."

"ಅಂದ್ಕೋತೀಯಾ?"

ತಲೆ ಕೆರೆದುಕೊಂಡ. ಒಳ್ಳೆಯ ಹುಡುಗ. ಸುಳ್ಳು ಹೇಳಲು ಬರುವುದಿಲ್ಲ. "ಗಾಳಿ ಇತ್ತು. ನೆ ಅಂತಾನೂ ಇರಬಹುದು."

ಹುಟ್ಟಿದಾಗಿನಿಂದ ಆಡುವ ಮಾತು. ಇವತ್ತು ಮೊದಲ ಸಲ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ನಮ್ಮ ಭಾಷೆಯಲ್ಲಿ ನ ಅಂದರೆ ಅವರಿಬ್ಬರು. ನೆ ಅಂದರೆ ಒಬ್ಬರು. ನ ಚೆನ್ನಾಗಿದ್ದರೆ ನನ್ನ ಮಗಳೂ ಇದ್ದಾಳೆ, ಅವಳ ಮಗುವೂ ಇದೆ. ನೆ ಚೆನ್ನಾಗಿದ್ದರೆ ಒಬ್ಬರು ಇದ್ದಾರೆ. ಯಾರು ಅಂತ ನೆ ಹೇಳುವುದಿಲ್ಲ. ಗಂಡಿಗೂ ನೆ, ಹೆಣ್ಣಿಗೂ ನೆ. ತಾಯಿಗೂ ನೆ, ಆಗ ಹುಟ್ಟಿದ ಕೂಸಿಗೂ ನೆ. ಆ ಕಡೆಯವರು ಬಾಯಿ ಎಷ್ಟು ತೆರೆದರು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೆಟ್ಟಿಲ ಮೇಲೆ ನಾನೊಬ್ಬಳೇ ಕೂತು ನ, ನೆ, ನ, ನೆ ಅಂತ ಹೇಳಿ ನೋಡಿದೆ. ಗಾಳಿಯಲ್ಲಿ ಎರಡೂ ಒಂದೇ ತರ ಕೇಳುತ್ತದೆ.

ಮಧ್ಯಾಹ್ನ

ಗಾಳಿ ಇಳಿದಿದೆ. ಪೌಲಿಯಾಸಿ ಒಳಗಿಂದ ಕೂಗಿದ, ಲೈನ್ ಸಿಕ್ಕಿದೆ, ಏನು ಕೇಳಲಿ ಅಂತ. ಬೇರೇನೂ ಬೇಡ ಅಂದೆ. ಎಷ್ಟು ತೂಕ ಬೇಡ, ಗಂಡೋ ಹೆಣ್ಣೋ ಬೇಡ. ಬೆಳಿಗ್ಗೆ ಹೇಳಿದ ಆ ಒಂದಕ್ಷರ ಇನ್ನೊಂದು ಸಲ ಹೇಳಿಸು. ನ ಅಂದ್ರಾ, ನೆ ಅಂದ್ರಾ, ಬಿಡಿಸಿ, ನಿಧಾನಕ್ಕೆ, ಇನ್ನೊಂದೇ ಒಂದು ಸಲ —